ಕಲ್ಲೆಮ್ಮೆ ಸ್ಟಾಪ್

ಕೆಂಚಣ್ಣಾ,

ನಿನ್ನ ಎಮ್ಮೆಗೆ ಸೀರೆ ಉಡಿಸಿದ್ದಾರೆ.

ಹೇಗೆ ಶುರು ಮಾಡಬೇಕೋ ಗೊತ್ತಾಗದೆ ಎಷ್ಟೋ ಸಲ ಪೆನ್ನು ಕೆಳಗಿಟ್ಟೆ. ಸತ್ತವರಿಗೆ ಕ್ಷೇಮವೇ ಎಂದು ಕೇಳುವ ಹಾಗಿಲ್ಲ. ನಾವಿಲ್ಲಿ ಕ್ಷೇಮ ಎಂದು ಬರೆದರೆ ಅದು ಸುಳ್ಳು. ಅದಕ್ಕೇ ನೇರವಾಗಿ ಹೇಳಿಬಿಟ್ಟೆ. ಹಸಿರು ಸೀರೆ, ಕೆಂಪು ಅಂಚು. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಗ್ಗಿಸಿ ನೀನು ಕೂರಿಸಿದ ಕೊಂಬಿಗೆ ಈಗ ಕಿರೀಟ ಎಂದು ಹೆಸರು. ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ನಕ್ಕು ನಕ್ಕು ಕೆಮ್ಮುತ್ತಿದ್ದೆ, ಕೆಮ್ಮು ನಿಂತ ಮೇಲೆ "ಭಾಷಣ, ಒಂದ್ ಲೋಟ ನೀರು ಕೊಡಮ್ಮಿ" ಅನ್ನುತ್ತಿದ್ದೆ. ನನಗೆ ಆ ಹೆಸರಿಟ್ಟವನು ನೀನೇ. ಸಂಘಟನೆಯ ಸಭೆಗೆಂದು ನಾನು ಅರಸೀಕೆರೆಯಿಂದ ಬಂದು ಬಸ್ಸಿಳಿದರೆ ಸಾಕು, "ಬಂತು ನೋಡ್ರಪ್ಪ ಭಾಷಣ, ಚಾಪೆ ಹಾಸ್ರಿ, ಒಂದ್ ನಿದ್ದೆ ಮಾಡಾಣ" ಎಂದು ಕಾಲೊನಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ. ಈಗ ಹಾಗೆ ಕೂಗುವವರಿಲ್ಲ. ಭಾಷಣವೂ ಇಲ್ಲ.

ಮಾಲೇಕಲ್ಲು ಬೆಟ್ಟದ ಕೆಳಗೆ, ಹುಣಸೆ ಮರಗಳ ನೆರಳಲ್ಲಿ ನಡೆದ ಶಿಬಿರ ನೆನಪಿದೆಯಾ? ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಬ್ಬೊಬ್ಬರೂ ಎದ್ದು ತಮಗಾದ ಅವಮಾನ ಹೇಳಿಕೊಳ್ಳಬೇಕಿತ್ತು. ನಾನು ಎದ್ದು ಬಹಳ ಹೊತ್ತು ಮಾತಾಡಿದೆ, ಚಪ್ಪಾಳೆಯೂ ಬಿತ್ತು. ನಿನ್ನ ಸರದಿ ಬಂದಾಗ ನೀನು ಎದ್ದೂ ನಿಲ್ಲಲಿಲ್ಲ. ಕೂತಲ್ಲೇ ಹೇಳಿದೆ. ಊರ ಮಾರಮ್ಮನ ಹಬ್ಬದಲ್ಲಿ ಕೋಣ ಕಡಿದ ಮೇಲೆ ಆ ತಲೆಯನ್ನು ಹೊತ್ತು ಊರ ಗಡಿ ಸುತ್ತುವುದು ನಿಮ್ಮ ಮನೆಯ ಪಾಳಿ. ನಿಮ್ಮಪ್ಪ ಹೊರುತ್ತಿದ್ದ. "ಮನೆಗ್ ಬಂದ್ಮೇಲೆ ಅವ್ವ ಅಪ್ಪನ ಮುಖ ತೊಳೀತಿದ್ಲು. ತೊಳೆದಷ್ಟೂ ಕೆಂಪು ಇಳೀತಿತ್ತು. ನಮ್ಮಪ್ಪ ಒಳಗಿಂದ್ಲೇ ಕೆಂಪೇನೋ ಅನ್ಕೊಂಡಿದ್ದೆ ನಾನು." ಅಷ್ಟು ಹೇಳಿ, "ಅದಕ್ಕೇ ಕಣ್ರೀ ನಂಗೆ ಕೆಂಚ ಅಂತ ಹೆಸರಿಟ್ಟಿದ್ದು" ಎಂದು ನಕ್ಕೆ. ನಗಬೇಕೋ ಬೇಡವೋ ಗೊತ್ತಾಗದೆ ಎಲ್ಲರೂ ನೆಲ ನೋಡಿದರು.

ಆ ವರ್ಷವೇ ಅಲ್ಲವಾ ನಿಮ್ಮ ಕಾಲೊನಿಯಲ್ಲಿ ತೀರ್ಮಾನವಾದದ್ದು? ತಲೆ ಹೊರಲ್ಲ, ಅಷ್ಟೆ. ಊರಿನವರು ಹಿಟ್ಟಿನ ಗಿರಣಿ ಮುಚ್ಚಿಸಿದರು. ಹೊಲಕ್ಕೆ ಕೂಲಿಗೆ ಕರೆಯಲಿಲ್ಲ. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಡಲಿಲ್ಲ. ದೇವೀರಮ್ಮ ಅತ್ತಿಗೆ ರಾಗಿ ಚೀಲ ಹೊತ್ತು ಹಗರೆಯ ತನಕ ನಡೆದು ಬೀಸಿಸಿಕೊಂಡು ಬಂದರು, ಬೆನ್ನಿಗೆ ಕಟ್ಟಿದ್ದ ನಿನ್ನ ಕೂಸು ಸುಜಾತ ದಾರಿಯುದ್ದಕ್ಕೂ ಅಳುತ್ತಿದ್ದಳು. ನಮ್ಮ ಹಾಡಿನ ತಂಡದ ಹನುಮ ಕೆರೆ ಏರಿಯ ಮೇಲೆ ನಿಂತು ತಮಟೆ ಬಡಿದ ಬಡಿತಕ್ಕೆ ಅದರ ಚರ್ಮ ಹರಿದು ಹೋಯಿತು. ಕೊನೆಗೆ ಊರೇ ಸೋತಿತು. ಹೊರುವವರಿಲ್ಲದ ಮೇಲೆ ಕಡಿಯುವುದು ಯಾತಕ್ಕೆ ಎಂದು ಕೋಣ ನಿಂತಿತು. ಒಂದು ತಲೆ ಉಳಿಯಿತು ಅಂದೆ ನೀನು. ಕೋಣನದೋ ನಿಮ್ಮಪ್ಪನದೋ, ನಾನು ಕೇಳಲಿಲ್ಲ.

ಹಳೇಬೀಡಿನ ಗುಡಿಗೆ ನೀನು ಕೂಲಿಗೆ ಹೋಗುತ್ತಿದ್ದ ಬೇಸಗೆ ಇನ್ನೊಂದು. ಬಿದ್ದ ಕಲ್ಲುಗಳನ್ನು ಎತ್ತಿ ಜೋಡಿಸುವ ಕೆಲಸ. ನಾನು ನಿನ್ನನ್ನು ನೋಡಲು ಬಂದಿದ್ದೆ. ಗೋಡೆಯ ನೆರಳಲ್ಲಿ ಕೂತು ಇಬ್ಬರೂ ಮುದ್ದೆ ಮುರಿಯುತ್ತಿದ್ದಾಗ ಗೈಡ್ ಒಬ್ಬ ಪ್ರವಾಸಿಗರಿಗೆ ಕೆಳಗಿನ ಸಾಲುಗಳನ್ನು ತೋರಿಸುತ್ತ ಬಂದ. ಆನೆ ಬಲಕ್ಕೆ, ಸಿಂಹ ಧೈರ್ಯಕ್ಕೆ, ಕುದುರೆ ವೇಗಕ್ಕೆ. ನೀನು ಕೂತಲ್ಲಿಂದಲೇ ಕೂಗಿದೆ:

"ಸ್ವಾಮೀ, ಎಮ್ಮೆ ಯಾತಕ್ಕೆ?"

"ಎಮ್ಮೆ ಇಲ್ಲಪ್ಪ ಇಲ್ಲಿ."

"ಐತಲ್ಲ ಸ್ವಾಮಿ. ಆ ಕಡೆ ಗೋಡೇಲಿ ದೇವಿ ಕಾಲಡಿ ಬಿದ್ಕೊಂಡೈತೆ, ಕೊಂಬು ಮುರ್ಕೊಂಡು. ನೀವು ಅದ್ನ ಲೆಕ್ಕಕ್ಕೆ ಹಿಡಿದಿಲ್ಲ ಅಷ್ಟೇಯ."

ಪ್ರವಾಸಿಗರು ನಕ್ಕರು. ನೀನು ನಗಲಿಲ್ಲ. ಕೈ ತೊಳೆದುಕೊಂಡು ಬಂದು, "ಒಂದ್ ಎಮ್ಮೆ ಮಾಡ್ತೀನಿ ಕಣಮ್ಮಿ. ಯಾರ ಕಾಲಡೀಲೂ ಇರಲ್ಲ ಅದು" ಅಂದೆ.

ಹಗರೆಯಿಂದ ಹಳೇಬೀಡಿಗೆ ಹೋಗುವ ರಸ್ತೆಯ ಪಕ್ಕ, ನಿಮ್ಮ ಕಾಲೊನಿಯ ಎದುರಿಗೆ ಆ ಕರಿ ಬಂಡೆ ನಮ್ಮಜ್ಜಂದಿರ ಕಾಲದಿಂದ ಬಿದ್ದಿತ್ತು. ನಾವೆಲ್ಲ ಅದನ್ನು ಬಂಡೆ ಎಂದೇ ನೋಡಿದ್ದೆವು. ನೀನು ಅದರ ಬೆನ್ನು ತಟ್ಟಿ, "ಕೆಸರಲ್ಲಿ ಮಲಗವ್ಳೆ, ಎಬ್ಬಿಸ್ಬೇಕು" ಅಂದೆ. ಜಲ್ಲಿ ಒಡೆಯುವ ಕೆಲಸ ಮುಗಿಸಿ ಬಂದು ಸಂಜೆ ಸಂಜೆ ಕೂರುತ್ತಿದ್ದೆ. ಅರ್ಧ ಕೆಲಸ ಬಂಡೆಯೇ ಮಾಡಿತ್ತು. ಕಿವಿ ಬಿಡಿಸಿದೆ, ಕೊರಳ ಕೆಳಗೆ ಗಂಗೆದೊಗಲು ಇಳಿಬಿಟ್ಟೆ, ಮಡಿಸಿದ ಮುಂಗಾಲು ತೋರಿಸಿದೆ. ಕೋಣ ಯಾಕೆ ಮಾಡಲ್ಲ ಎಂದು ನಾನು ಕೇಳಿದ್ದಕ್ಕೆ, "ಕೋಣ ಅಂದ್ರೆ ಜನ ಮಚ್ಚು ಹುಡುಕ್ತಾರೆ. ಎಮ್ಮೆ ಅಂದ್ರೆ ಚೊಂಬು ಹುಡುಕ್ತಾರೆ" ಅಂದೆ. ಅರಸೀಕೆರೆ ಸ್ಟೇಷನ್ ಹಿಂದಿನ ಗುಜರಿಯಲ್ಲಿ ನಾವಿಬ್ಬರೂ ಒಂದು ಮಧ್ಯಾಹ್ನವಿಡೀ ಕಬ್ಬಿಣ ಕೆದಕಿದ್ದೆವಲ್ಲ? ದಪ್ಪ ತಲೆಯ ಬೋಲ್ಟುಗಳು ಹಲ್ಲಾದವು. ಮೇಲೊಂದು ಸಾಲು, ಕೆಳಗೊಂದು ಸಾಲು.

"ಎಮ್ಮೆಗೆ ಮೇಲ್ಗಡೆ ಹಲ್ಲಿರಲ್ಲ ಕಣಣ್ಣ" ಅಂದ ಹನುಮ.

"ನಗೋ ಎಮ್ಮೆಗೆ ಇರ್ತವೆ ಕಣ್ಲಾ. ನೀನು ಎಮ್ಮೆ ನಗ್ಸಿ ನೋಡಿದೀಯಾ?"

ಬಾಲಕ್ಕೆ ಮೋಟರ್ ಬೈಕಿನ ಸ್ಪ್ರಿಂಗು. ಎಳೆದು ಬಿಟ್ಟರೆ ಗಿಣಿ ಗಿಣಿ ಎಂದು ತಾನೇ ಆಡುತ್ತಿತ್ತು. ಎಲ್ಲ ಮುಗಿಯಿತು ಎಂದು ನಾವು ಅಂದುಕೊಂಡ ಮೇಲೆ ನೀನು ಇನ್ನೊಂದು ಕಲ್ಲು ತಂದು, ಸುತ್ತು ಸುತ್ತಾಗಿ ಕೆತ್ತಿ, ಬಾಲದ ಕೆಳಗೆ ಇಟ್ಟೆ. ಸಗಣಿ. ಅಚ್ಚುಕಟ್ಟಾದ, ಬಿಸಿಬಿಸಿ ಎನ್ನಿಸುವ ಕಲ್ಲಿನ ಸಗಣಿ. ಅತ್ತಿಗೆ ಸೆರಗು ಬಾಯಿಗೆ ಅಡ್ಡ ಹಿಡಿದು, "ಥೂ, ಇದೊಂದು ಬಾಕಿ ಇತ್ತು ನೋಡು ನಿಮ್ಮಣ್ಣಂಗೆ" ಅಂದರು. ನೀನು ಮಾತ್ರ ಗಂಭೀರವಾಗಿ ಹೇಳಿದೆ, "ಸಗಣಿ ಇದ್ರೆ ಎಮ್ಮೆ. ಇಲ್ದಿದ್ರೆ ದೇವ್ರು." ಆ ಮಾತನ್ನು ನಾವು ತಮಾಷೆ ಎಂದು ಕೇಳಿಸಿಕೊಂಡೆವು ಅಣ್ಣ. ನಿನ್ನ ಎಲ್ಲ ಮಾತನ್ನೂ ಹಾಗೇ ಕೇಳಿಸಿಕೊಂಡೆವು.

ಎಮ್ಮೆಯ ಹಿಂದೆ ಉಳಿದವೂ ಬಂದವು. ನಟ್ಟಿನ ಕಣ್ಣಿನ ಕಪ್ಪೆ, ಗರಗಸದ ಜುಟ್ಟಿನ ಹುಂಜ, ಸೈಕಲ್ ಚೈನನ್ನು ಕೊರಳಿಗೆ ಹಾಕಿಕೊಂಡು ಹಿಂಗಾಲಲ್ಲಿ ಕಿವಿ ಕೆರೆಯುವ ನಾಯಿ, ನೇಗಿಲ ಗುಳದ ಕೊಕ್ಕಿನ ಕಾಗೆ. ರಸ್ತೆಯ ಬದಿಯಲ್ಲಿ ಮಳೆ ಬಿಸಿಲೆನ್ನದೆ ಕೂತಿದ್ದವು. ಹಳೇಬೀಡು ನೋಡಲು ಹೋಗುವ ಕಾರುಗಳು ನಿಲ್ಲುತ್ತಿದ್ದವು. ಯಾರಾದರೂ ಅಭ್ಯಾಸಬಲದಿಂದ ಕೈ ಮುಗಿದರೆ ನೀನು ಬೈಯುತ್ತಿದ್ದೆ. "ಕೈ ಮುಗೀಬೇಡ್ರಿ ಕಣ್ರೀ, ಹತ್ತಿ ಕೂತ್ಕಳ್ರಿ." ಕಾಲೊನಿಯ ಮಕ್ಕಳೂ ಊರಿನ ಮಕ್ಕಳೂ ಅದೇ ಬೆನ್ನಿನ ಮೇಲೆ ಕೂತರು. ಅತ್ತಿಗೆ ಅದರ ಮೇಲೆ ಮೆಣಸಿನಕಾಯಿ ಒಣಗಿಸಿದರು. ಬಸ್ಸಿನ ಕಂಡಕ್ಟರು, "ಕಲ್ಲೆಮ್ಮೆ ಯಾರ್ರೀ, ಕಲ್ಲೆಮ್ಮೆ ಇಳೀರಿ" ಅನ್ನತೊಡಗಿದ. ನಮ್ಮ ಜನರ ಕೇರಿಗೆ ಜಾತಿಯಲ್ಲದ ಒಂದು ಹೆಸರು ಬಂದದ್ದು ಅದೇ ಮೊದಲು. ನಾವು ನಡೆಸಿದ ಯಾವ ಮೆರವಣಿಗೆಯೂ ಮಾಡದ ಕೆಲಸವನ್ನು ಒಂದು ಎಮ್ಮೆ ಮಾಡಿತು ಎಂದು ನಾನು ಸಭೆಗಳಲ್ಲಿ ಹೇಳುತ್ತಿದ್ದೆ.

ಕೊನೆಯ ಸಲ ಆಸ್ಪತ್ರೆಯಿಂದ ನಿನ್ನನ್ನು ಕರೆತಂದ ದಿನ, ಕಲ್ಲಿನ ಧೂಳು ಎದೆಯನ್ನು ಪೂರ್ತಿ ತಿಂದಿತ್ತು. ಮನೆಯೊಳಗೆ ಬೇಡ, ಎಮ್ಮೆಗೆ ಒರಗಿಸಿ ಕೂರಿಸಿ ಅಂದೆ. ಕೂರಿಸಿದೆವು. ಬಿಸಿಲಿಗೆ ಅದರ ಬೆನ್ನು ಬೆಚ್ಚಗಿತ್ತು. "ಜೀವ ಇರೋ ಎಮ್ಮೆಗಿಂತ ಇದೇ ವಾಸಿ ಕಣಮ್ಮಿ, ಒದೆಯಲ್ಲ" ಅಂದೆ. ಅದಾದ ಮೇಲೆ ನೀನು ಹೆಚ್ಚು ದಿನ ಇರಲಿಲ್ಲ. ಅಲ್ಲಿಯವರೆಗಿನದು ನಿನಗೆ ಗೊತ್ತು. ಇನ್ನು ಹೇಳುವುದು ನಿನಗೆ ಗೊತ್ತಿಲ್ಲದ್ದು.

ಬಸ್ ನಿಲ್ದಾಣಕ್ಕೆ ಚಾವಣಿ ಹಾಕಿಸಿದ ದಿನ ನಾನು ಅಲ್ಲೇ ಇದ್ದೆ. ಊರಿನ ಪಟೇಲರ ಮನೆಯ ಚಂದ್ರಣ್ಣ ಇಲ್ಲವೇ, ತೆಂಗಿನ ತೋಟದವನು, ತನ್ನ ತಂದೆಯ ಹೆಸರಿನಲ್ಲಿ ಕಟ್ಟಿಸಿದ. ಬೋರ್ಡ್ ಬರೆಯಲು ಪೇಂಟರ್ ಬಂದ. ಸ್ಟಾಪಿನ ಹೆಸರೇನು ಎಂದು ಅವನು ಕಾಲೊನಿಯವರನ್ನೇ ಕೇಳಿದ. "ಕಲ್ಲೆಮ್ಮೆ" ಅಂದರು. ಅವನು ಮನಸ್ಸಿನಲ್ಲೇ ತಿದ್ದಿಕೊಂಡ. ಈ ಜನ ಹಾಲಿಗೆ ಆಲು ಅಂತಾರೆ, ಹಂದಿಗೆ ಅಂದಿ ಅಂತಾರೆ, ಇವರ ಬಾಯಲ್ಲಿ ಯಾವ ಪದ ನೆಟ್ಟಗಿದೆ? ಅಮ್ಮ ಅನ್ನುವುದನ್ನು ಎಮ್ಮೆ ಅಂತಿದ್ದಾರೆ ಎಂದು ತೀರ್ಮಾನಿಸಿ, ನೀಲಿ ತಗಡಿನ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ಶುದ್ಧ ಕನ್ನಡ ಬರೆದ. ಶ್ರೀ ಕಲ್ಲಮ್ಮ ದೇವಿ ಬಸ್ ನಿಲ್ದಾಣ. ನಮ್ಮ ಬಾಯಿ ಯಾವತ್ತೂ ತಪ್ಪು, ಅವರ ಕೈ ಯಾವತ್ತೂ ಸರಿ. ನಿನ್ನ ಎಮ್ಮೆಯನ್ನು ಕೊಂದದ್ದು ಮಚ್ಚಲ್ಲ ಅಣ್ಣ, ವ್ಯಾಕರಣ.

ನಾವು ಮೊದಲು ನಕ್ಕೆವು. ನಗದೆ ಏನು ಮಾಡುವುದು? ಒಂದು ದಿನ ಕಣಕಟ್ಟೆ ಕಡೆಯ ಹೆಂಗಸೊಬ್ಬಳು ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದವಳು ಬೋರ್ಡ್ ನೋಡಿ ಬಸ್ಸಿಳಿದಳು. ಅತ್ತಿಗೆ ಮೆಣಸಿನಕಾಯಿ ಹರಡುತ್ತಿದ್ದರು. "ಕಲ್ಲಮ್ಮ ಎಲ್ಲವಳವ್ವ?" ಎಂದು ಅವಳು ಕೇಳಿದಳು. ಅತ್ತಿಗೆ ನಿನ್ನ ಹೆಂಡತಿಯಲ್ಲವಾ? ಮುಖದಲ್ಲಿ ನಗು ತೋರಿಸದೆ, "ಅಗೋ, ಮಲಗವ್ಳಲ್ಲ, ಹೊಟ್ಟೆ ತುಂಬೈತೆ" ಅಂದರು. ಆ ಹೆಂಗಸು ನಗಲಿಲ್ಲ. ಮಗುವನ್ನು ಎಮ್ಮೆಯ ಮುಂದೆ ಮಲಗಿಸಿ, ಸೊಂಟದ ಚೀಲದಿಂದ ಕುಂಕುಮ ತೆಗೆದು ಹಣೆಗಿಟ್ಟು, ಉದ್ದಕ್ಕೆ ಬಿದ್ದು ಅತ್ತಳು. ಅಳುವವಳ ಎದುರು ಅದು ಎಮ್ಮೆ ಕಣವ್ವ ಎಂದು ಯಾರು ಹೇಳುತ್ತಾರೆ? ಅತ್ತಿಗೆ ಮೆಣಸಿನಕಾಯಿ ಬಳಿದುಕೊಂಡು ಮನೆಯೊಳಗೆ ಹೋದರು. ಮಗುವಿಗೆ ಜ್ವರ ಬಿಟ್ಟಿತಂತೆ. ಜ್ವರ ಬಿಡದೆ ಇರುತ್ತದೆಯೇ? ಆದರೆ ಸುದ್ದಿ ಬಿಡಲಿಲ್ಲ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಚಂದ್ರಣ್ಣನ ಅಧ್ಯಕ್ಷತೆಯಲ್ಲಿ ಸಮಿತಿ. ಮಳೆಗೆ ಅಮ್ಮ ನೆನೆಯುತ್ತಾಳೆ ಎಂದು ತಗಡು, ತಗಡಿನ ಕೆಳಗೆ ಗೋಡೆ, ಗೋಡೆಗೆ ಬಾತ್‌ರೂಮಿನ ಟೈಲ್ಸು, ಎದುರಿಗೆ ಕಬ್ಬಿಣದ ಗ್ರಿಲ್ಲು. ಹಲ್ಲು ಕಿಸಿದ ದೇವರು ಇರುತ್ತದೆಯೇ ಎಂದು ಮುಖಕ್ಕೆ ಬೆಳ್ಳಿಯ ಮುಖವಾಡ. ನಿನ್ನ ಬೋಲ್ಟಿನ ನಗು ಅದರ ಹಿಂದೆ ಈಗಲೂ ಇದೆ, ಕತ್ತಲಲ್ಲಿ. ಬಾಲ ಗೋಡೆಗೆ ಅಡ್ಡ ಬಂತು. ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಗ್ಯಾಸಿನಲ್ಲಿ ಕತ್ತರಿಸಿದರು. ಸ್ಪ್ರಿಂಗು ಎಗರಿ ರಸ್ತೆಗೆ ಬಿದ್ದು ಸ್ವಲ್ಪ ಹೊತ್ತು ಅಲ್ಲೇ ಗಿಣಿಗುಟ್ಟಿತು ಎಂದು ಸುಜಾತ ಹೇಳಿದಳು. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಕಪ್ಪೆಯೂ ಹುಂಜವೂ ಬೇಲೂರಿನ ಕಡೆಯ ಒಂದು ರೆಸಾರ್ಟಿನ ಹುಲ್ಲಿನ ಮೇಲೆ ಕೂತಿವೆಯಂತೆ. ನಾಯಿಯ ಚೈನು ಗುಜರಿಗೆ, ಉಳಿದ ಕಲ್ಲು ಗುಡಿಯ ಪಾಯಕ್ಕೆ. ಕಾಗೆ ಎಲ್ಲಿ ಹೋಯಿತೋ.

ಸಗಣಿಯನ್ನು ಮಾತ್ರ ಗಾರೆಯವನು ಆಚೆಗೆ ಎಸೆದ. ಏನದು ಎಂದು ಅವನಿಗೆ ಗೊತ್ತಾಗಲಿಲ್ಲ, ಗೊತ್ತಾದವರು ಬಾಯಿ ಬಿಡಲಿಲ್ಲ. ಅತ್ತಿಗೆ ಮತ್ತು ಸುಜಾತ ಅದನ್ನು ಉರುಳಿಸಿಕೊಂಡು ಬಂದು ಬಾಗಿಲ ಪಕ್ಕ ಇಟ್ಟುಕೊಂಡರು. ಎಮ್ಮೆ ಅವರ ಪಾಲಾಯಿತು, ಸಗಣಿ ನಮ್ಮ ಪಾಲಾಯಿತು. ಯಾವತ್ತು ಬೇರೆ ಥರ ಆಗಿದೆ ಹೇಳು? ಗ್ರಿಲ್ಲಿಗೆ ಬೀಗ ಬಿದ್ದ ದಿನ ಅತ್ತಿಗೆ ಹೋಗಿ ನಿಂತರೆ, ಪೂಜೆಯವನು ಒಳಗಿನಿಂದಲೇ, "ನೀವು ಅಲ್ಲಿಂದಲೇ ಕೈ ಮುಗೀರಮ್ಮ" ಅಂದನಂತೆ. ಮೂವತ್ತು ಹೆಜ್ಜೆ ಆಚೆಯ ಮನೆಯವರು, ಅದರ ಬೆನ್ನ ಮೇಲೆ ಮೆಣಸಿನಕಾಯಿ ಒಣಗಿಸಿದವರು. "ನಾನು ಕೈ ಮುಗಿಯಕ್ ಬಂದಿಲ್ಲಪ್ಪ, ನೋಡಕ್ ಬಂದಿದೀನಿ" ಎಂದು ಹೇಳಿ ವಾಪಸು ಬಂದರಂತೆ. ಆ ರಾತ್ರಿ ಊಟ ಮಾಡಲಿಲ್ಲ. "ಆ ಹೆಂಗ್ಸಿಗೆ ನಾನೇ ಕಣವ್ವ ತೋರ್ಸಿದ್ದು" ಎಂದು ನನ್ನ ಹತ್ತಿರ ಒಂದೇ ಒಂದು ಸಲ ಹೇಳಿದರು.

ಈ ವರ್ಷ ಬೇಸಗೆಯಲ್ಲಿ ಚಂದ್ರಣ್ಣ ನಿನ್ನ ಮನೆಯ ಬಾಗಿಲಿಗೆ ಬಂದ. ನಾನೂ ಇದ್ದೆ. ಕೂರಲು ಜಾಗ ಕಾಣದೆ ಬಾಗಿಲ ಪಕ್ಕದ ಆ ಸಗಣಿಕಲ್ಲಿನ ಮೇಲೇ ಕೂತ. ಸುಜಾತ ನಗು ತಡೆಯಲಾಗದೆ ಒಳಗೆ ಹೋದಳು.

"ಅಮ್ಮ ಮೈಮೇಲೆ ಬಂದು ಕೇಳವ್ಳೆ ದೇವೀರಮ್ಮ. ಕೋಣ ಬೇಕಂತೆ."

"ಯಾರ್ಗೆ?"

"ಅಮ್ಮಂಗೆ."

"ಎಮ್ಮೆಗೆ ಕೋಣ ಯಾತಕ್ಕಪ್ಪ ಕಡೀತೀರ? ಕೊಡದಾದ್ರೆ ಜೀವಂತ ಕೊಡ್ರಿ, ಜೊತೆಗಾರೂ ಆಯ್ತದೆ."

ಅವನ ಮುಖ ಕೆಂಪಾಯಿತು. ಆದರೂ ಸಮಾಧಾನದಿಂದಲೇ ಹೇಳಿದ. ತಲೆ ಹೊರುವುದು ನಿಮ್ಮ ಮನೆಯ ಹಕ್ಕು. ಬೇರೆಯವರಿಗೆ ಕೊಟ್ಟರೆ ನಿಮಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ನಿಮ್ಮ ಹಕ್ಕು ನಿಮಗೇ ಇರಲಿ ಎಂದು ಸಮಿತಿ ತೀರ್ಮಾನಿಸಿದೆ.

ಹಕ್ಕು. ಕೇಳಿಸಿತಾ ಅಣ್ಣ? ಹಕ್ಕು ಅಂದ. ಗಂಟಲು ಹರಿಯುವ ಹಾಗೆ ನಾವು ಬೀದಿಯಲ್ಲಿ ಕೂಗಿದ ಪದ. ಅರಸೀಕೆರೆಯ ಸಂತೆ ಮೈದಾನದ ಗೋಡೆಯ ಮೇಲೆ ನೀನು ಸುಣ್ಣದಲ್ಲಿ ಬರೆದ ಪದ. ಅದನ್ನು ಕೋಣನ ತಲೆಯ ಜೊತೆ ತಟ್ಟೆಯಲ್ಲಿಟ್ಟು ತಂದಿದ್ದ. ನಾನು ಬಾಯಿ ತೆರೆದೆ. ನಿನ್ನ ಭಾಷಣ ಬಾಯಿ ತೆರೆಯಿತು, ಒಂದು ಮಾತೂ ಹೊರಡಲಿಲ್ಲ. ನಮ್ಮ ಪದಗಳೇ ಅವರ ಬಾಯಲ್ಲಿ ಇರುವಾಗ ನಾನು ಯಾವ ಪದದಲ್ಲಿ ಬೈಯಲಿ?

ಉತ್ತರ ಕೊಟ್ಟವಳು ನಿನ್ನ ಮಗಳು. ಹಗರೆಯ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ಅವಳಿಗೆ, ನೀರು ಬೆರೆಸಿದವರ ಮುಖಕ್ಕೇ ಹೇಳಿ ಅಭ್ಯಾಸ. ಹೊರಗೆ ಬಂದು, "ಕೋಣನ ತಲೆ ನಮಗೆ ಬೇಡ ಚಂದ್ರಣ್ಣ. ಬರಿಗೈಲೂ ಬರಲ್ಲ. ನಮ್ಮಪ್ಪ ಮಾಡಿದ್ದು ಒಂದು ಉಳಿದೈತೆ, ಅದ್ನ ಹೊತ್ಕೊಂಡು ಬತ್ತೀವಿ" ಅಂದಳು. ಅವನು ಕೂತಿದ್ದ ಕಲ್ಲನ್ನೇ ನೋಡುತ್ತಾ ಅಂದಳು. ಅವನಿಗೆ ಅರ್ಥವಾಗಲಿಲ್ಲ.

ಕೋಣ ಕೊಡುವ ದಿನ ಬೆಳಿಗ್ಗೆ ಸುಜಾತ ತಲೆಗೆ ಸಿಂಬೆ ಇಟ್ಟುಕೊಂಡಳು. ನಾನೂ ಅತ್ತಿಗೆಯೂ ಆ ಕಡೆ ಈ ಕಡೆ ಹಿಡಿದು ಸಗಣಿಯನ್ನು ಅವಳ ತಲೆಯ ಮೇಲೆ ಕೂರಿಸಿದೆವು. ನಮ್ಮ ಹಳೆಯ ಸಂಗಾತಿಗಳಿಗೆಲ್ಲ ಹೇಳಿ ಕಳಿಸಿದ್ದೆ. ಒಬ್ಬ ಮಗಳ ಮದುವೆ ಅಂದ, ಒಬ್ಬ ಪಕ್ಷದ ಸಭೆ ಅಂದ, ಒಬ್ಬ ಫೋನೇ ಎತ್ತಲಿಲ್ಲ. ಮೂವರೇ ಹೆಂಗಸರು ಹೊರಟೆವು. ನನ್ನ ಯೋಚನೆ ಏನಿತ್ತು ಗೊತ್ತಾ? ಇದನ್ನು ನೋಡಿದರೆ ಜನ ನಗುತ್ತಾರೆ, ನಕ್ಕರೆ ಎಚ್ಚರವಾಗುತ್ತಾರೆ. ದೇವರಿಗೆ ಸಗಣಿ ಇರುವುದಿಲ್ಲವಲ್ಲ ಎಂದು ಯಾರಿಗಾದರೂ ಒಬ್ಬರಿಗೆ ಹೊಳೆಯುತ್ತದೆ. ನೀನು ಜೀವಮಾನವಿಡೀ ನಂಬಿದ್ದು ಅದನ್ನೇ ತಾನೆ?

ರಸ್ತೆಗೆ ಬಂದೆವು. ಜನ ದಾರಿ ಬಿಟ್ಟರು. ಒಬ್ಬಳು ಮುದುಕಿ ಮುಂದೆ ಬಂದು, ಬೆರಳ ತುದಿಯಿಂದ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವಳನ್ನು ನೋಡಿ ಇನ್ನೊಬ್ಬಳು. ಯಾರೋ ಹೂ ಎಸೆದರು. ಯಾರೋ ಸುಜಾತಳ ಕಾಲಿಗೆ ನೀರು ಹುಯ್ದರು.

"ಇದು ಸಗಣಿ ಕಣ್ರೀ" ಅಂದೆ ನಾನು. ಅಷ್ಟು ಹೊತ್ತಿಗೆ ಬಾಯಿ ಬಂದಿತ್ತು. "ಎಮ್ಮೆ ಸಗಣಿ. ಕೆಂಚಣ್ಣ ಕೆತ್ತಿದ್ದು."

"ಅಮ್ಮಂದೇ ಅಲ್ವವ್ವ" ಅಂದಳು ಮುದುಕಿ, ಬಹಳ ಮೆತ್ತಗೆ, ತಿಳಿಯದವಳಿಗೆ ತಿಳಿಸಿ ಹೇಳುವ ಹಾಗೆ. ಗುಡಿ ಮುಟ್ಟುವಷ್ಟರಲ್ಲಿ ನಿನ್ನ ಸಗಣಿಯ ತುಂಬ ಕುಂಕುಮ.

ಕೋಣನನ್ನು ಬೆಳಗಿನ ಜಾವವೇ ತೋಪಿನಲ್ಲಿ ಕಡಿದು ಮುಗಿಸಿದ್ದರು. ತಲೆ ಗ್ರಿಲ್ಲಿನ ಮುಂದಿತ್ತು. ಹೊತ್ತವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ, ಬಿಳಿ ಅಂಗಿ ಕೆಂಪಾಗಿತ್ತು, ಮುಖ ಗುರುತು ಸಿಗಲಿಲ್ಲ. "ಅಕ್ಕ" ಅಂದ ಮೇಲೆ ಗೊತ್ತಾಯಿತು. ಹನುಮ. ಅಣ್ಣ, ನಮ್ಮ ಹನುಮ. ತಮಟೆ ಹರಿಯುವ ಹಾಗೆ ಬಡಿದವನು.

"ಯಾಕೋ?" ಅಂದೆ.

"ಹೊತ್ತೋರ ಮನೆಯೋರ್ನ ಒಳಕ್ಕೆ ಬಿಡ್ತೀವಿ ಅಂದ್ರು ಅಕ್ಕ. ಯಾರಾನಾ ಒಬ್ರು ಹೊತ್ರೆ ನಮ್ ಹೆಂಗಸ್ರು ಮಕ್ಳು ಒಳಗೆ ಹೋಗ್ಬೋದಲ್ಲ ಅಂತ. ನೀವೇ ಅಲ್ವಾ ಹೇಳ್ತಿದ್ದಿದ್ದು, ಗುಡಿಯೊಳಕ್ಕೆ ಹೋಗೋದು ನಮ್ ಹಕ್ಕು ಅಂತ?"

"ಬಿಟ್ರಾ?"

ಅವನು ಗ್ರಿಲ್ಲು ನೋಡಿದ. "ಇಲ್ಲೀಗಂಟ."

ನಿಮ್ಮಪ್ಪನ ಮುಖ ತೊಳೆದ ಹಾಗೆ ಇವನ ಮುಖ ತೊಳೆಯುವವರು ಮನೆಯಲ್ಲಿ ಕಾಯುತ್ತಿದ್ದರು. ಇವನ ಮಗಳೂ ತನ್ನಪ್ಪ ಒಳಗಿನಿಂದಲೇ ಕೆಂಪು ಅಂದುಕೊಳ್ಳುತ್ತಾಳೇನೋ. ಒಂದು ತಲೆ ಉಳಿಯಿತು ಅಂದಿದ್ದೆಯಲ್ಲ? ಅದು ಉಳಿಯಲಿಲ್ಲ ಅಣ್ಣ.

ಸುಜಾತ ಆಗ ಕಲ್ಲನ್ನು ಗ್ರಿಲ್ಲಿನ ಎದುರಿಗೇ ಇಳಿಸಿದಳು. ವೇಲಿನ ತುದಿಯಿಂದ ಕುಂಕುಮವನ್ನೆಲ್ಲ ಒರೆಸಿದಳು. ಒರೆಸಿ, ಅದರ ಮೇಲೆ ಕೂತಳು. ಚಂದ್ರಣ್ಣ ಓಡಿ ಬಂದ.

"ಏಳಮ್ಮ ಮೇಲೆ. ಅಮ್ಮನ ಅದರ ಮೇಲೆ ಕೂತಿದೀಯ."

"ಅಮ್ಮನ ಏನು, ಚಂದ್ರಣ್ಣ?"

"ಅದೇ..."

"ಅದೇ ಅಂದ್ರೆ? ಬಾಯ್ಬಿಟ್ಟು ಹೇಳಿ, ಏಳ್ತೀನಿ."

ಹೇಳಲಾಗಲಿಲ್ಲ. ಸಗಣಿ ಅಂದರೆ ಒಳಗಿರುವುದು ಎಮ್ಮೆಯಾಗುತ್ತದೆ, ಅಲ್ಲ ಅಂದರೆ ಇದು ಬರೀ ಕಲ್ಲಾಗುತ್ತದೆ, ಯಾರು ಬೇಕಾದರೂ ಕೂರಬಹುದು. ಗೆದ್ದೆವು ಎಂದು ಒಂದು ಗಳಿಗೆ ಅನ್ನಿಸಿತು. ಒಂದೇ ಗಳಿಗೆ. ಹೊಡೆದಿದ್ದರಾದರೂ ಒಂದು ಕೇಸಾಗುತ್ತಿತ್ತು, ಬೈದಿದ್ದರೆ ಒಂದು ಸುದ್ದಿಯಾಗುತ್ತಿತ್ತು. ಯಾರೂ ಏನೂ ಮಾಡಲಿಲ್ಲ. ಹಣ್ಣು ಕಾಯಿ ಹಿಡಿದು ಬಂದವರು ಅವಳನ್ನು ಬಳಸಿಕೊಂಡು ಆ ಕಡೆಯಿಂದ ಹೋದರು, ಈ ಕಡೆಯಿಂದ ಬಂದರು. ದೂರದಿಂದ ನೋಡಿದರೆ ಅವಳಿಗೇ ಪ್ರದಕ್ಷಿಣೆ ಹಾಕುತ್ತಿದ್ದ ಹಾಗೆ ಕಾಣುತ್ತಿತ್ತು. ಅವಳ ಕಣ್ಣಲ್ಲಿ ನೀರು ಬಂದದ್ದು ಅದನ್ನು ಕಂಡ ಮೇಲೆ.

ಮೊನ್ನೆ ಅವಳು ಗೋಣಿಚೀಲದಿಂದ ನಿನ್ನ ಉಳಿಗಳನ್ನು ಹೊರಗೆ ತೆಗೆದಳು. "ಏನ್ ಮಾಡ್ಲಿ ಅತ್ತೆ?" ಎಂದು ನನ್ನನ್ನು ಕೇಳಿದಳು. ಇಬ್ಬರೂ ಕೂತು ಯೋಚಿಸಿದೆವು. ಹಂದಿ ಮಾಡಿದರೆ ವರಾಹ ಅನ್ನುತ್ತಾರೆ. ನಾಯಿ ಮಾಡಿದರೆ ಭೈರವನನ್ನು ತಂದು ಪಕ್ಕದಲ್ಲಿ ನಿಲ್ಲಿಸುತ್ತಾರೆ. ಇಲಿಯ ಮೇಲೆ ಗಣಪತಿ, ಕಾಗೆಯ ಮೇಲೆ ಶನಿ, ಗೂಬೆಗೂ ಒಬ್ಬಳು ಲಕ್ಷ್ಮಿ ಇದ್ದಾಳೆ. ಕತ್ತೆ ಮಾಡಿದರೆ ಅದಕ್ಕೂ ಯಾರನ್ನಾದರೂ ಹುಡುಕಿ ತರುತ್ತಾರೆ. ದೇವರಾಗದೆ ಪ್ರಾಣಿಯಾಗಿಯೇ ಉಳಿಯುವ ಒಂದು ಪ್ರಾಣಿ ಈ ನೆಲದಲ್ಲಿ ಇದೆಯಾ ಅಣ್ಣ? ನಿನಗೇನಾದರೂ ಗೊತ್ತಿತ್ತಾ? ಅವಳು ಉಳಿಗಳನ್ನು ಮತ್ತೆ ಗೋಣಿಯಲ್ಲಿ ಸುತ್ತಿಟ್ಟಳು.

ಸಗಣಿ ವಾಪಸು ಬಾಗಿಲ ಪಕ್ಕ ಬಂದಿದೆ. ದಾರಿಹೋಕರು ಯಾರಾದರೂ ಸುತ್ತು ಸುತ್ತಿನ ಆ ಕೆತ್ತನೆ ನೋಡಿ, ಏನವ್ವ ಇದು ಎಂದು ಕೇಳಿದರೆ ಅತ್ತಿಗೆ ಈಗ ತಮಾಷೆ ಮಾಡುವುದಿಲ್ಲ. ಮುಖ ಆ ಕಡೆ ತಿರುಗಿಸಿ, "ಏನೂ ಅಲ್ಲ, ಕಲ್ಲು" ಅನ್ನುತ್ತಾರೆ. ನಿನ್ನ ಮನೆಯ ಬಾಗಿಲಲ್ಲಿ ಕೂತು, ನಿನ್ನ ಹೆಂಡತಿ, ಬರೀ ಕಲ್ಲು ಅನ್ನುತ್ತಾರೆ.

ಈ ಸಲ ಬರುವಾಗ ಹಗರೆಯಲ್ಲಿ ಬಸ್ಸು ಹತ್ತಿ, ಯಾವಾಗಿನ ಹಾಗೆ ಕಂಡಕ್ಟರಿಗೆ ಚಿಲ್ಲರೆ ಕೊಟ್ಟು, "ಕಲ್ಲೆಮ್ಮೆ ಒಂದು" ಅಂದೆ. ಹೊಸ ಹುಡುಗ, ಒಳ್ಳೆಯವನೇ.

"ಕಲ್ಲಮ್ಮ ಅನ್ನಿ ಮೇಡಂ."

"ಕಲ್ಲೆಮ್ಮೆ."

"ಅಂಥ ಸ್ಟಾಪ್ ಇಲ್ಲ ಕಣ್ರೀ ಈ ರೂಟಲ್ಲಿ."

"ಹಾಗಾದ್ರೆ ಅದರ ಮುಂದಿನದಕ್ಕೆ ಕೊಡಿ" ಅಂದೆ.

ನಿನ್ನ ಎಮ್ಮೆ ಕಿಟಕಿಯಾಚೆ ಗ್ರಿಲ್ಲಿನ ಹಿಂದೆ ಹಿಂದಕ್ಕೆ ಸರಿಯಿತು. ಜನ ಎದೆಯ ಮೇಲೆ ಕೈ ಇಟ್ಟುಕೊಂಡರು, ಕೆನ್ನೆ ಬಡಿದುಕೊಂಡರು, ಬಸ್ಸು ಹೋಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು ಬಿಸಿಲಲ್ಲಿ ಹಿಂದಕ್ಕೆ ನಡೆದು ಬಂದೆ. ಇನ್ನು ಮೇಲೆ ನಾನು ನಿನ್ನ ಮನೆಗೆ ಬರುವುದು ಹೀಗೇ, ಅಣ್ಣ. ಕಾಲಿರುವ ತನಕ.

ನಿನ್ನ
ಭಾಷಣ